ತೋಟದ ಮನೆಗೆ ವೈಫೈ ಮುಟ್ಟಿಸುವುದು ಹೇಗೆ? ಮೆಶ್ ನೆಟ್‌ವರ್ಕ್ ಬಗ್ಗೆ ಒಂದಿಷ್ಟು ಲೆಕ್ಕಾಚಾರ

ಉಜಿರೆ ದಾಟಿ ಚಾರ್ಮಾಡಿ ಘಾಟಿ ಕಡೆ ಬಸ್ಸಲ್ಲಿ ಹೋದವರಿಗೆ ಕಕ್ಕಿಂಜೆ ಗೊತ್ತಿರ್ತದೆ. ಮಂಗಳೂರಿನಿಂದ ಬರುವ ರಾಷ್ಟ್ರೀಯ ಹೆದ್ದಾರಿ 73 ಘಾಟಿ ಹತ್ತುವ ಮೊದಲು ಸಿಗುವ ಪೇಟೆ ಅದು. ಬಯಲುಸೀಮೆಯ ಊರುಗಳ ಹಾಗೆ ಇಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿಲ್ಲ. ಪೇಟೆ ಬಿಟ್ಟು ನಾಲ್ಕು ಹೆಜ್ಜೆ ಒಳಗೆ ಹೋದರೆ ಒಂದು ತೋಟ, ತೋಟದ ನಡುವೆ ಒಂದು ಮನೆ, ಮತ್ತೆ ಗುಡ್ಡ, ಅದರ ಆಚೆ ಇನ್ನೊಂದು ಮನೆ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯಿಂದ ಬರುವ ನಮ್ಮ ಕ್ಲಾಸ್‌ಮೇಟ್‌ಗಳಲ್ಲಿ ಅರ್ಧದಷ್ಟು ಜನರ ಮನೆ ಹೀಗೇ ಇರಬಹುದು. ಇಂಥ ಊರಿಗೆ ಇಂಟರ್ನೆಟ್ ಬಂದರೂ ಅದು ಮನೆ ಮನೆಗೆ ಬರುವುದು ಬೇರೆಯೇ ಕಥೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಸ್ತೆ ಬದಿಯಲ್ಲಿ ಹೊಸ ಮನೆ, ಅದಕ್ಕೆ ಫೈಬರ್ ಕನೆಕ್ಷನ್ ಉಂಟು. ಇನ್ನೂರು ಮೀಟರ್ ಕೆಳಗೆ, ಅಡಿಕೆ ತೋಟದ ಆ ತುದಿಯಲ್ಲಿ ಅಜ್ಜನ ಕಾಲದ ಮನೆ. ಮೊಬೈಲ್ ಟವರ್‌ನ ಸಿಗ್ನಲ್ ಗುಡ್ಡದ ಮರೆಯಲ್ಲಿ ಸತ್ತು ಹೋಗಿದೆ. ಕೆಳಗಿನ ಮನೆಯ ಹುಡುಗಿಗೆ ರಜೆಯಲ್ಲಿ ಆನ್‌ಲೈನ್ ಇಂಟರ್ನ್‌ಶಿಪ್ ಮಾಡಬೇಕು. ಯಾರನ್ನೇ ಕೇಳಿದರೂ ಬರುವ ಉತ್ತರ ಒಂದೇ: 'ಒಂದು ಮೆಶ್ ವೈಫೈ ಹಾಕಿ ಮಾರಾಯ್ರೆ, ಸರಿಯಾಗ್ತದೆ.' ಅಂಗಡಿಯಲ್ಲಿ ಮೂರು ಬಿಳಿ ಡಬ್ಬಿಗಳ ಪ್ಯಾಕ್ ಸಿಗ್ತದೆ. ಡಬ್ಬಿಯ ಮೇಲೆ ಎಷ್ಟೋ ಸಾವಿರ ಚದರ ಅಡಿ ಕವರೇಜ್ ಅಂತ ಬರೆದಿರ್ತದೆ. ಆ ಚದರ ಅಡಿಯಲ್ಲಿ ಅಡಿಕೆ ಮರ ಇರುವುದಿಲ್ಲ ಅನ್ನೋದನ್ನು ಮಾತ್ರ ಬರೆದಿರುವುದಿಲ್ಲ.

ಮೊದಲು ಮೆಶ್ ಅಂದರೆ ಏನು ಅಂತ ನೋಡೋಣ. ಮಾಮೂಲಿ ವೈಫೈಯಲ್ಲಿ ಒಂದು ರೌಟರ್, ಅದರ ಸುತ್ತ ನಮ್ಮ ಫೋನು, ಲ್ಯಾಪ್‌ಟಾಪ್. ಎಲ್ಲರೂ ಅದರ ಹತ್ತಿರವೇ ಮಾತಾಡಬೇಕು. ದೂರ ಹೋದರೆ ಮುಗೀತು. ಹಳೇ ರೇಂಜ್ ಎಕ್ಸ್‌ಟೆಂಡರ್ ಮಾಡುವುದು ಏನೆಂದರೆ, ರೌಟರ್ ಹೇಳಿದ್ದನ್ನು ಕೇಳಿಸಿಕೊಂಡು ಮತ್ತೊಮ್ಮೆ ಕೂಗುವುದು. ಅದಕ್ಕೆ ಹೆಚ್ಚಿನ ಬುದ್ಧಿ ಇಲ್ಲ. ಹಲವು ಎಕ್ಸ್‌ಟೆಂಡರ್‌ಗಳಲ್ಲಿ ನೆಟ್‌ವರ್ಕ್‌ನ ಹೆಸರೂ ಬೇರೆಯಾಗ್ತದೆ. ಮೆಶ್‌ನಲ್ಲಿ ಪ್ರತಿ ಡಬ್ಬಿಯೂ, ಅಂದರೆ ನೋಡ್, ಉಳಿದ ನೋಡ್‌ಗಳನ್ನು ಗುರುತಿಸ್ತದೆ. ಯಾವ ದಾರಿಯಲ್ಲಿ ಹೋದರೆ ಇಂಟರ್ನೆಟ್ ಇರುವ ನೋಡ್ ಬೇಗ ಸಿಗ್ತದೆ ಅಂತ ಅವು ತಾವೇ ಲೆಕ್ಕ ಹಾಕಿಕೊಳ್ತವೆ. ಒಂದು ಕೆಟ್ಟರೆ ಬೇರೆ ದಾರಿ ಹುಡುಕ್ತವೆ. ಎಲ್ಲಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಫೈಬರ್‌ಗೆ ಜೋಡಿಸಿದ ನೋಡ್ ಗೇಟ್‌ವೇ. ನೋಡ್‌ನಿಂದ ನೋಡ್‌ಗೆ ಇರುವ ಕೊಂಡಿಗೆ ಬ್ಯಾಕ್‌ಹಾಲ್ ಅಂತ ಹೆಸರು. ಈ ಲೇಖನದ ಜಗಳವೆಲ್ಲ ಆ ಬ್ಯಾಕ್‌ಹಾಲ್ ಜೊತೆಗೇ.

ಇಲ್ಲಿ ಹೆಚ್ಚಿನವರು ಮರೆಯುವ ವಿಷಯ: ಮೆಶ್ ಇಂಟರ್ನೆಟ್ ಅನ್ನು ಹುಟ್ಟಿಸುವುದಿಲ್ಲ, ಹೊತ್ತುಕೊಂಡು ಹೋಗ್ತದೆ ಅಷ್ಟೇ. ಹೊರುವುದಕ್ಕೆ ಕೂಲಿ ಉಂಟು.

ಹಳೇ ಮನೆಗೆ ಹೆಂಚು ಹೊದೆಸುವುದನ್ನು ನೋಡಿದ್ದೀರಾ? ಅಂಗಳದಿಂದ ಮಾಡಿನ ತನಕ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸ್ತಾರೆ. ನಡುವೆ ನಿಂತವನು ಹೆಂಚು ಹಿಡಿಯುವಾಗ ಕೊಡಲಿಕ್ಕಾಗುವುದಿಲ್ಲ, ಕೊಡುವಾಗ ಹಿಡಿಯಲಿಕ್ಕಾಗುವುದಿಲ್ಲ. ವೈಫೈ ರೇಡಿಯೋ ಕೂಡ ಹಾಗೇ, ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ಕೆಲಸ: ಕೇಳುವುದು ಅಥವಾ ಹೇಳುವುದು. ಆದ್ದರಿಂದ ಒಂದೇ ರೇಡಿಯೋ ಇರುವ ನೋಡ್ ನಡುವೆ ಬಂದರೆ ಗೇಟ್‌ವೇ ಹತ್ತಿರ ಸಿಗುತ್ತಿದ್ದ 100 ಎಂಬಿಪಿಎಸ್ ಆಚೆ ಕಡೆ 50 ಆಗ್ತದೆ. ಎರಡು ನೋಡ್ ನಡುವೆ ಬಂದರೆ 33ರ ಹತ್ತಿರ. ಹೆಂಚಿನ ಸಾಲಿಗಿಂತ ಇದು ಇನ್ನೂ ಕಷ್ಟ. ಏಕೆಂದರೆ ಹೆಂಚಿನ ಸಾಲಿನಲ್ಲಿ ಒಬ್ಬರನ್ನು ಬಿಟ್ಟು ಒಬ್ಬರು ಒಟ್ಟಿಗೇ ಕೆಲಸ ಮಾಡಬಹುದು, ಯಾರ ಕೈಯೂ ಯಾರಿಗೂ ಅಡ್ಡಿಯಿಲ್ಲ. ರೇಡಿಯೋದಲ್ಲಿ ಮಾತು ಅರ್ಥವಾಗುವ ದೂರಕ್ಕಿಂತ ಗಲಾಟೆ ಮುಟ್ಟುವ ದೂರ ಹೆಚ್ಚು. ನಾಲ್ಕನೆಯವನು ಬಾಯಿ ತೆರೆದರೆ ಎರಡನೆಯವನಿಗೆ ಒಂದನೆಯವನ ಮಾತು ಕೇಳಿಸುವುದಿಲ್ಲ.

2001ರಲ್ಲಿ ಎಂಐಟಿಯ ಒಂದು ತಂಡ ಇದನ್ನೇ ಲೆಕ್ಕ ಮಾಡಿ ತೋರಿಸಿತು. ಒಂದೇ ಚಾನೆಲ್‌ನ ಉದ್ದನೆಯ ಸರಪಳಿಯಲ್ಲಿ ಹೆಚ್ಚೆಂದರೆ ಒಂದು ಕೊಂಡಿಯ ಸಾಮರ್ಥ್ಯದ ನಾಲ್ಕನೇ ಒಂದು ಭಾಗ ಸಿಗಬಹುದು. ಆಗಿನ ವೈಫೈ ನಿಯಮಗಳನ್ನು ಹಾಕಿ ಸಿಮ್ಯುಲೇಶನ್ ಮಾಡಿದರೆ ಸಿಕ್ಕಿದ್ದು ಸುಮಾರು ಏಳನೇ ಒಂದು ಭಾಗ. ಅದಕ್ಕೆ ಒಂದು ವರ್ಷ ಮೊದಲು ಪೀಯೂಷ್ ಗುಪ್ತಾ ಮತ್ತು ಪಿ. ಆರ್. ಕುಮಾರ್ ಅವರ ಹೆಸರಾಂತ ಪ್ರಬಂಧ ಬಂದಿತ್ತು. ಅದರ ಸಾರ ಹೇಳಬೇಕೆಂದರೆ, ಇಂಥ ನೆಟ್‌ವರ್ಕ್‌ನಲ್ಲಿ ನೋಡ್‌ಗಳ ಸಂಖ್ಯೆ ಹೆಚ್ಚಾದಷ್ಟು ಪ್ರತಿಯೊಬ್ಬರಿಗೆ ಸಿಗುವ ಪಾಲು ಕಡಿಮೆಯಾಗುತ್ತಾ ಹೋಗ್ತದೆ. ಅಂದರೆ ನಾಲ್ಕು ಡಬ್ಬಿ ಹಾಕಿದರೆ ಎರಡರಷ್ಟು ಚೆನ್ನಾಗಿ ನಡೀತದೆ ಅನ್ನುವುದು ಅಂಗಡಿಯವರ ಗಣಿತ.

ಇದಕ್ಕೆ ಕಂಪನಿಗಳು ಕಂಡುಕೊಂಡ ಉಪಾಯ, ಬ್ಯಾಕ್‌ಹಾಲ್‌ಗೇ ಒಂದು ಬೇರೆ ರೇಡಿಯೋ ಇಡುವುದು. ಟ್ರೈ-ಬ್ಯಾಂಡ್ ಅಂತ ಡಬ್ಬಿಯ ಮೇಲೆ ಇರುವುದು ಅದೇ. ಫೋನ್‌ಗಳ ಜೊತೆ ಒಂದು ಚಾನೆಲ್, ನೋಡ್‌ಗಳ ನಡುವೆ ಇನ್ನೊಂದು. ನಡುವಿನವನಿಗೆ ಇನ್ನೊಂದು ಜೊತೆ ಕೈ ಬಂದ ಹಾಗೆ. ಇನ್ನೂ ಒಳ್ಳೆಯದು ವಯರ್. ಅದರ ಮಾತಿಗೆ ಆಮೇಲೆ ಬರುತ್ತೇವೆ.

ಈಗ ದಾರಿ ಹುಡುಕುವ ವಿಷಯ. ನಮ್ಮ ಕಡೆ ಒಂದು ಮನೆ ಹುಡುಕಿಕೊಂಡು ಹೋದರೆ ಯಾರೂ ಪೂರ್ತಿ ದಾರಿ ಹೇಳುವುದಿಲ್ಲ. 'ಸೀದಾ ಹೋಗಿ, ಸೇತುವೆ ಹತ್ರ ಒಂದು ಅಂಗಡಿ ಉಂಟು, ಅಲ್ಲಿ ಕೇಳಿ' ಅಂತಾರೆ. ಅಂಗಡಿಯವರು ಮುಂದಿನ ದೈವದ ಗುಡಿ ತೋರಿಸ್ತಾರೆ. ಯಾರಿಗೂ ಇಡೀ ನಕ್ಷೆ ಗೊತ್ತಿಲ್ಲ, ಆದರೂ ನಾವು ಮುಟ್ಟುತ್ತೇವೆ. ಬರ್ಲಿನ್‌ನ ಫ್ರೈಫುಂಕ್ ಎಂಬ ಸಮುದಾಯದವರು ಮಾಡಿದ ಬ್ಯಾಟ್‌ಮ್ಯಾನ್ ಪ್ರೋಟೋಕಾಲ್ ಹೀಗೇ ಕೆಲಸ ಮಾಡ್ತದೆ (ಹೆಸರು ನಿಜವಾಗಿಯೂ ಅದೇ). ಪ್ರತಿ ನೋಡ್ ಆಗಾಗ 'ನಾನಿದ್ದೇನೆ' ಅಂತ ಒಂದು ಸಣ್ಣ ಸಂದೇಶ ಬಿಡ್ತದೆ, ಪಕ್ಕದವರು ಅದನ್ನು ದಾಟಿಸ್ತಾರೆ. ಯಾವ ಪಕ್ಕದವನ ಮೂಲಕ ಆ ಸಂದೇಶ ಹೆಚ್ಚು ಸಲ, ಚೆನ್ನಾಗಿ ಬಂತೋ ಅವನೇ ಆ ಕಡೆಗೆ ಹೋಗುವ ದಾರಿ. 2011ರಿಂದ ಇದು ಲಿನಕ್ಸ್ ಕರ್ನಲ್ ಒಳಗೇ ಉಂಟು. ಅದೇ 2011ರಲ್ಲಿ ಐಇಇಇ ಕೂಡ 802.11ಎಸ್ ಅನ್ನುವ ಮೆಶ್ ಸ್ಟ್ಯಾಂಡರ್ಡ್ ಹೊರತಂದಿತು. ಅಂಗಡಿಯ ಡಬ್ಬಿಗಳಲ್ಲಿ ಹೆಚ್ಚಿನವು ತಮ್ಮದೇ ವಿಧಾನ ಬಳಸ್ತವೆ. ಬೇರೆ ಬೇರೆ ಕಂಪನಿಯವು ಒಟ್ಟಿಗೆ ಬಾಳಲಿ ಅಂತ ವೈಫೈ ಅಲಯನ್ಸ್ 2018ರಲ್ಲಿ ಈಸಿಮೆಶ್ ತಂದಿತು. ಖರೀದಿ ಮಾಡುವಾಗ ಇದನ್ನು ಒಮ್ಮೆ ನೋಡಿಕೊಂಡರೆ ಒಳ್ಳೆಯದು.

ಚೆನ್ನಾಗಿರುವ ದಾರಿ ಅಂದರೆ ಹತ್ತಿರದ ದಾರಿ ಅಂತಲ್ಲ. ಕೇಂಬ್ರಿಡ್ಜ್ ಊರಿನ ಮನೆಗಳ ಮಾಡಿನ ಮೇಲೆ ಆಂಟೆನಾ ಹಾಕಿ ಎಂಐಟಿಯವರು ನಡೆಸಿದ ರೂಫ್‌ನೆಟ್ ಪ್ರಯೋಗದಿಂದ 2003ರಲ್ಲಿ ಇಟಿಎಕ್ಸ್ ಅನ್ನುವ ಅಳತೆ ಬಂತು. ಒಂದು ಪ್ಯಾಕೆಟ್ ಯಶಸ್ವಿಯಾಗಿ ಮುಟ್ಟಲು ಸರಾಸರಿ ಎಷ್ಟು ಸಲ ಕಳಿಸಬೇಕು ಅನ್ನುವುದೇ ಆ ಅಳತೆ. ಹೋಗುವ ದಿಕ್ಕಿನಲ್ಲಿ ಪ್ಯಾಕೆಟ್ ಮುಟ್ಟುವ ಸಂಭವವನ್ನು, ವಾಪಸ್ ಬರುವ ಅಕ್ನಾಲೆಜ್‌ಮೆಂಟ್ ಮುಟ್ಟುವ ಸಂಭವದಿಂದ ಗುಣಿಸಿ, ಒಂದನ್ನು ಅದರಿಂದ ಭಾಗಿಸಬೇಕು. ಮೇಲಿನ ಮನೆಯಿಂದ ಕೆಳಗಿನ ಮನೆಗೆ ನೇರ ಕೊಂಡಿಯಲ್ಲಿ ಈ ಸಂಭವಗಳು 0.5 ಮತ್ತು 0.8 ಅಂತ ಇಟ್ಟುಕೊಂಡರೆ ಗುಣಲಬ್ಧ 0.4, ಇಟಿಎಕ್ಸ್ 2.5. ನಡುವೆ ಒಂದು ನೋಡ್ ಇಟ್ಟು ಎರಡೂ ಕೊಂಡಿಗಳಲ್ಲಿ ಎರಡೂ ದಿಕ್ಕಿಗೆ 0.95 ಸಿಕ್ಕಿದರೆ ಒಂದೊಂದಕ್ಕೆ ಸುಮಾರು 1.11, ಒಟ್ಟು 2.22. ಸುತ್ತಿ ಹೋಗುವ ದಾರಿಯೇ ಗೆದ್ದಿತು. ಅದೂ ಸ್ವಲ್ಪದರಲ್ಲಿ. ನಡುವಿನ ನೋಡ್‌ನ ಒಂದು ಕೊಂಡಿ ಸ್ವಲ್ಪ ಹದಗೆಟ್ಟರೂ ಈ ಲಾಭ ಹೋಯಿತು.

ವಾಪಸ್ ಬರುವ ದಿಕ್ಕು ಯಾಕೆ ಮುಖ್ಯ ಅಂದರೆ, ಫೋನಿನ ರೇಡಿಯೋ ರೌಟರ್‌ನಷ್ಟು ಜೋರಾಗಿ ಕೂಗುವುದಿಲ್ಲ. ಸ್ಕ್ರೀನ್ ಮೇಲೆ ಕಡ್ಡಿಗಳು ಕಾಣ್ತವೆ, ಪೇಜ್ ಮಾತ್ರ ಓಪನ್ ಆಗುವುದಿಲ್ಲ. ರೌಟರ್ ಹೇಳಿದ್ದು ಫೋನಿಗೆ ಕೇಳ್ತಾ ಉಂಟು, ಫೋನ್ ಹೇಳಿದ್ದು ರೌಟರ್‌ಗೆ ಕೇಳ್ತಾ ಇಲ್ಲ.

ಇನ್ನು ನಮ್ಮ ತೋಟಕ್ಕೆ ಇಳಿಯೋಣ. ತೆರೆದ ಬಯಲಲ್ಲಿ 2.4 ಗಿಗಾಹರ್ಟ್ಸ್ ಸಿಗ್ನಲ್ 200 ಮೀಟರ್ ಹೋಗುವಷ್ಟರಲ್ಲಿ ಸುಮಾರು 86 ಡಿಬಿ ಕಳೆದುಕೊಳ್ತದೆ. ರೌಟರ್ 20 ಡಿಬಿಎಂ ಬಿಟ್ಟು ಎರಡೂ ಕಡೆ ಆಂಟೆನಾದಿಂದ ಮೂರು ಮೂರು ಡಿಬಿ ಸಿಕ್ಕಿದರೆ ಆಚೆ ತುದಿಯಲ್ಲಿ ಮೈನಸ್ 60 ಡಿಬಿಎಂ. ವಿಡಿಯೋ ಕಾಲ್‌ಗೆ ಧಾರಾಳ ಸಾಕು. ಹಾಗಾದರೆ ತೋಟದಲ್ಲಿ ಯಾಕೆ ಆಗುವುದಿಲ್ಲ? ಎಲೆಯೆಂದರೆ ನೀರು. ಈ ಆವರ್ತನದ ಅಲೆಗಳನ್ನು ನೀರು ಹೀರಿಕೊಳ್ತದೆ, ಎಲೆ ಕಾಂಡಗಳು ಚದುರಿಸ್ತವೆ. ಇನ್ನೊಂದು 20 ಡಿಬಿ ದಾರಿಯಲ್ಲಿ ಹೋದರೆ, ಅಂದರೆ ಶಕ್ತಿ ನೂರನೇ ಒಂದು ಭಾಗಕ್ಕೆ ಇಳಿದರೆ, ಮೈನಸ್ 80. ಅಲ್ಲಿಗೆ ಕಥೆ ಮುಗಿಯಿತು. ಮೇಲಿಂದ ಹಳೇ ಮನೆಯ ಮುರಕಲ್ಲಿನ ದಪ್ಪ ಗೋಡೆ. ಮುರಕಲ್ಲಿನ ತುಂಬಾ ತೂತು, ಮಳೆಗಾಲದಲ್ಲಿ ಅದು ನೀರು ಕುಡಿದು ಕೂತಿರ್ತದೆ. ಅಂಗಳಕ್ಕೆ ತಗಡಿನ ಚಾವಣಿ ಹಾಕಿದ್ದರೆ ಮೇಲಿನಿಂದ ಬರುವ ಸಿಗ್ನಲ್‌ಗೆ ಅದು ಕನ್ನಡಿ.

ಆದರೂ ಅಡಿಕೆ ತೋಟ ರೇಡಿಯೋಗೆ ಕಾಡಿನಷ್ಟು ಕೆಟ್ಟದ್ದಲ್ಲ. ಎಲೆಗಳೆಲ್ಲ ಮೇಲೆ ತಲೆಯಲ್ಲಿ, ಕೆಳಗೆ ಬರೀ ಕಾಂಡ. ಅಡಿಕೆಗೆ ಶಿಫಾರಸು ಮಾಡಿದ ಅಂತರ 2.7 ಮೀಟರ್‌ಗೆ 2.7 ಮೀಟರ್. ಅಂದರೆ ಎರಡು ಸಾಲುಗಳ ನಡುವೆ ಒಂದು ಸುರಂಗದ ಹಾಗೆ ಜಾಗ ಇರ್ತದೆ. ಇದರಲ್ಲಿ ಸಿಗ್ನಲ್ ಕಳಿಸಬಹುದಾ? ರೇಡಿಯೋ ಅಲೆ ಲೇಸರ್ ಗೆರೆಯ ಹಾಗೆ ಹೋಗುವುದಿಲ್ಲ, ಅದಕ್ಕೆ ಸುತ್ತ ಸ್ವಲ್ಪ ಜಾಗ ಬೇಕು. ಆ ಜಾಗವೇ ಫ್ರೆನೆಲ್ ವಲಯ. ನಟ್ಟನಡುವೆ ಅದರ ತ್ರಿಜ್ಯ ಎಷ್ಟೆಂದರೆ, ತರಂಗಾಂತರವನ್ನು ದೂರದಿಂದ ಗುಣಿಸಿ, ನಾಲ್ಕರಿಂದ ಭಾಗಿಸಿ, ವರ್ಗಮೂಲ ತೆಗೆದಷ್ಟು. 2.4 ಗಿಗಾಹರ್ಟ್ಸ್‌ಗೆ ತರಂಗಾಂತರ 12.5 ಸೆಂಟಿಮೀಟರ್, ದೂರ 200 ಮೀಟರ್, ಆದ್ದರಿಂದ ತ್ರಿಜ್ಯ 2.5 ಮೀಟರ್. ಅದರಲ್ಲಿ 60 ಶೇಕಡಾ ಖಾಲಿ ಇದ್ದರೆ ಸಾಕು ಅನ್ನುವುದು ರೂಢಿ. ಅಂದರೆ 1.5 ಮೀಟರ್ ಬೇಕು. ಸಾಲಿನ ನಡುವಿನಿಂದ ಕಾಂಡದ ತನಕ ನಮ್ಮಲ್ಲಿರುವುದು 1.35 ಮೀಟರ್. ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು!

5 ಗಿಗಾಹರ್ಟ್ಸ್ ಬ್ಯಾಂಡ್ ಹಾಕಿ ನೋಡಿ. 5.5ರಲ್ಲಿ ತರಂಗಾಂತರ ಸುಮಾರು 5.5 ಸೆಂಟಿಮೀಟರ್, ತ್ರಿಜ್ಯ 1.65 ಮೀಟರ್, ಅದರ 60 ಶೇಕಡಾ ಒಂದು ಮೀಟರ್. ಸಾಲಿನ ನಡುವೆ ಆರಾಮವಾಗಿ ಹಿಡೀತದೆ. 5 ಗಿಗಾಹರ್ಟ್ಸ್ ದೂರ ಹೋಗುವುದಿಲ್ಲ ಅಂತ ಎಲ್ಲರೂ ಹೇಳುವುದು ಗೋಡೆಗಳ ಮಟ್ಟಿಗೆ ನಿಜ. ತೆರೆದಲ್ಲಿಯೂ ಅದಕ್ಕೆ ಏಳು ಡಿಬಿಯಷ್ಟು ಹೆಚ್ಚು ನಷ್ಟ. ಆದರೆ ಸಾಲಿನ ಉದ್ದಕ್ಕೆ ಗುರಿಯಿಟ್ಟ ಡೈರೆಕ್ಷನಲ್ ಆಂಟೆನಾ ಇದ್ದರೆ ಆ ನಷ್ಟ ತುಂಬಿ ಮಿಗ್ತದೆ. ಇದು ಕಾಗದದ ಮೇಲಿನ ಲೆಕ್ಕ, ತೋಟ ಕಾಗದ ಅಲ್ಲ. ನಮ್ಮವರು ಮರಕ್ಕೊಂದು ಕಾಳುಮೆಣಸಿನ ಬಳ್ಳಿ ಹಬ್ಬಿಸ್ತಾರೆ, ನಡುವೆ ಕೊಕ್ಕೋ, ಬಾಳೆ ಹಾಕ್ತಾರೆ. ಬಳ್ಳಿ ಹಬ್ಬಿದ ಮರವೆಂದರೆ ಎಲೆಯ ಕಂಬ. ಸುರಂಗ ಅಷ್ಟು ಇಕ್ಕಟ್ಟಾಯಿತು. ಬಾಳೆಯ ವಿಷಯವಂತೂ ಕೇಳುವುದೇ ಬೇಡ, ಅದು ನೀರಿನ ಟ್ಯಾಂಕಿ. ಸಾಲು ಬಿಟ್ಟು ಕರ್ಣದಲ್ಲಿ ಹೋದರೆ ಪ್ರತಿ ಕೆಲವು ಮೀಟರ್‌ಗೆ ಒಂದು ಮರ ಅಡ್ಡ.

ಅದಕ್ಕೇ ಇಂಥ ಕಡೆ ನಡುವಿನ ನೋಡ್ ಬೇಕಾಗುವುದು. ಅದನ್ನು ಎಲ್ಲಿ ಇಡುವುದು? ಸಾಮಾನ್ಯವಾಗಿ ಸಿಗ್ನಲ್ ಸಿಗದ ಜಾಗದಲ್ಲೇ ಎರಡನೇ ಡಬ್ಬಿ ಇಡ್ತಾರೆ. ಅಲ್ಲಿ ಫೋನಿಗೆ ಕೇಳಿಸದ್ದು ಡಬ್ಬಿಗಾದರೂ ಹೇಗೆ ಕೇಳಬೇಕು? ಅದು ಇರಬೇಕಾದದ್ದು ಸಿಗ್ನಲ್ ಇನ್ನೂ ಗಟ್ಟಿಯಾಗಿರುವ, ಮೈನಸ್ 65ರ ಆಸುಪಾಸಿನ ಜಾಗದಲ್ಲಿ. ನಮ್ಮ ಉದಾಹರಣೆಯಲ್ಲಿ ತೋಟದ ನಡುವಿನ ಪಂಪ್ ಶೆಡ್ ಹೇಳಿ ಮಾಡಿಸಿದ ಜಾಗ, ಕರೆಂಟ್ ಲೈನ್ ಉಂಟು. ಆದರೆ ಪಂಪ್‌ಸೆಟ್ ಲೈನಿಗೆ ಕರೆಂಟ್ ಇಡೀ ದಿನ ಇರುವುದಿಲ್ಲ. 12 ವೋಲ್ಟ್, 20 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 240 ವ್ಯಾಟ್-ಅವರ್. ನೋಡ್ 6 ವ್ಯಾಟ್ ತಿಂದರೆ ಲೆಕ್ಕಕ್ಕೆ 40 ಗಂಟೆ, ನಿಜದಲ್ಲಿ ಅದಕ್ಕಿಂತ ಕಡಿಮೆ. ಇನ್ನೊಂದು ಸೂಚನೆ: ಡಬ್ಬಿಯನ್ನು ಸರಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಬಿಡುವಾಗ ತೋಟದಲ್ಲಿರುವ ಎಲ್ಲದಕ್ಕೂ ಸುಣ್ಣ ಮತ್ತು ಮೈಲುತುತ್ತಿನ ಸ್ನಾನ ಗ್ಯಾರಂಟಿ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಭಿಪ್ರಾಯ: ಎರಡೂ ಮನೆ, ತೋಟ ಒಬ್ಬರದ್ದೇ ಆದರೆ ಬ್ಯಾಕ್‌ಹಾಲ್‌ಗೆ ವಯರ್ ಎಳೆಯಿರಿ. ತಾಮ್ರದ ಈಥರ್ನೆಟ್ ಅಲ್ಲ. ಅದರ ಮಿತಿ 100 ಮೀಟರ್. ಅದಕ್ಕಿಂತ ದೊಡ್ಡ ಕಾರಣ ಸಿಡಿಲು. ಗುಡುಗು ಶುರುವಾದ ಕೂಡಲೇ ಓಡಿ ಹೋಗಿ ಮೋಡೆಮ್‌ನ ಪ್ಲಗ್ ಕೀಳುವುದು ನಮ್ಮ ಕಡೆ ಮನೆಮನೆಯ ಅಭ್ಯಾಸ. ಎರಡು ಕಟ್ಟಡಗಳ ನಡುವೆ ಉದ್ದಕ್ಕೆ ತಾಮ್ರ ಕಟ್ಟಿದರೆ ಎರಡೂ ಕಡೆಯ ಡಬ್ಬಿಗಳಿಗೆ ಒಟ್ಟಿಗೇ ಆಮಂತ್ರಣ ಕೊಟ್ಟ ಹಾಗೆ. ಬದಲಿಗೆ ಫೈಬರ್ ಡ್ರಾಪ್ ಕೇಬಲ್, ಅದರಲ್ಲೂ ಒಳಗೆ ಸ್ಟೀಲ್ ತಂತಿ ಇಲ್ಲದ, ಎಫ್‌ಆರ್‌ಪಿ ಕಡ್ಡಿ ಇರುವಂಥದ್ದು, ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಮರದಿಂದ ಮರಕ್ಕೆ ಕಟ್ಟಿದರೆ ಬೀಳುವ ಸೋಗೆ, ತೆಂಗಿನ ಮಡಲು ಹರಿದು ಹಾಕ್ತವೆ. ನೀರಿನ ಪೈಪಿನ ಪಕ್ಕದಲ್ಲೇ ಇನ್ನೊಂದು ಸಣ್ಣ ಪೈಪಿನೊಳಗೆ ಹೂತರೆ ವಾಸಿ. ಕೆಳಗಿನ ಮನೆಯಲ್ಲಿ ಅದೇ ಮೆಶ್‌ನ ಎರಡನೇ ನೋಡ್ ಇಟ್ಟರೆ ಅದು ಗೇಟ್‌ವೇಯಷ್ಟೇ ವೇಗ ಕೊಡ್ತದೆ. ಮೆಶ್ ಅಂದ ಮಾತ್ರಕ್ಕೆ ಎಲ್ಲ ಕೊಂಡಿಗಳೂ ಗಾಳಿಯಲ್ಲೇ ಇರಬೇಕು ಅಂತ ಯಾರೂ ಹೇಳಿಲ್ಲ.

ನಡುವೆ ಬೇರೆಯವರ ಜಾಗ, ತೋಡು ಅಥವಾ ರಸ್ತೆ ಬಂದಾಗ ಮಾತ್ರ ಗಾಳಿಯೇ ಗತಿ. ಆಗ ಪ್ರಶ್ನೆ ಒಂದು ಮನೆಯದ್ದಾಗಿ ಉಳಿಯುವುದಿಲ್ಲ, ಊರಿನದ್ದಾಗ್ತದೆ. ಕಾನೂನಿನ ಅಡ್ಡಿ ಕಡಿಮೆ. 2005ರ ಜನವರಿಯಿಂದ 2.4 ಗಿಗಾಹರ್ಟ್ಸ್ ಬ್ಯಾಂಡ್‌ಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ, ಆಂಟೆನಾದ ಲಾಭವೂ ಸೇರಿ 4 ವ್ಯಾಟ್ ಮಿತಿ. 2018ರಲ್ಲಿ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವೂ ಹೀಗೆ ಮುಕ್ತವಾಯಿತು. ಆದರೆ ಮನೆಯ ಬ್ರಾಡ್‌ಬ್ಯಾಂಡ್ ಅನ್ನು ದುಡ್ಡು ತಗೊಂಡು ಊರಿಗೆ ಹಂಚುವುದು ಬೇರೆ ವಿಷಯ. ಅದಕ್ಕೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಡಿ ಒಂದು ಸಣ್ಣ ಅಂಗಡಿಯೂ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು.

ನಮ್ಮ ರಾಜ್ಯದಲ್ಲೇ ಇದರ ಒಂದು ಮಾದರಿ ಉಂಟು. ಬೆಂಗಳೂರಿನ ಜನಸ್ತು ಸಂಸ್ಥೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಸಮುದಾಯದ ಒಡೆತನದ ವೈಫೈ ಮೆಶ್ ಕಟ್ಟಿದೆ. ರೌಟರ್‌ಗಳನ್ನು ಎತ್ತರಕ್ಕೇರಿಸಲು ಬಿದಿರಿನ ಗೋಪುರಗಳನ್ನೂ ಬಳಸಿದ್ದಾರೆ. ಅವರ ಕೆಲಸದಲ್ಲಿ ನಮಗೆ ಹಿಡಿಸಿದ್ದು, ಊರಿನ ಒಳಗೇ ಒಂದು ಸರ್ವರ್ ಇಟ್ಟು ಊರಿನವರ ಧ್ವನಿ, ಕಥೆಗಳನ್ನು ಅಲ್ಲೇ ಕೇಳುವ ಹಾಗೆ ಮಾಡಿದ್ದು. ಅದಕ್ಕೆ ಹೊರಗಿನ ಇಂಟರ್ನೆಟ್ ಬೇಕಾಗಿಲ್ಲ.

ಕಕ್ಕಿಂಜೆಯಂಥ ಕಡೆಗೆ ಇದು ಬರೀ ಚಂದದ ಮಾತಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದ್ ಆದದ್ದು, ಕೆಳಗಿನ ಊರುಗಳಿಗೆ ನೆರೆ ನುಗ್ಗಿದ್ದು ನಮಗೆಲ್ಲ ನೆನಪಿರಬಹುದು. ರಸ್ತೆ ಬದಿಯ ಕೇಬಲ್ ಇಂಥ ಹೊತ್ತಿನಲ್ಲಿ ತುಂಡಾದರೆ ಹೊರಗಿನ ಇಂಟರ್ನೆಟ್ ಹೋಯಿತು. ಆದರೆ ಮೆಶ್‌ಗೆ ಕರೆಂಟ್ ಇದ್ದರೆ ಮನೆಯಿಂದ ಮನೆಗೆ ಸಂದೇಶ ಹೋಗುವುದು ನಿಲ್ಲಬೇಕಿಲ್ಲ. 2012ರಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್‌ಗೆ ಬಡಿದಾಗ ಬ್ರೂಕ್ಲಿನ್‌ನ ರೆಡ್ ಹುಕ್ ಬಡಾವಣೆಯ ಸಣ್ಣ ಸಮುದಾಯ ಮೆಶ್ ಉಳಿದುಕೊಂಡಿತ್ತು. ಆಮೇಲೆ ಸರಕಾರದ ಪರಿಹಾರ ತಂಡ ಅದಕ್ಕೇ ಉಪಗ್ರಹ ಸಂಪರ್ಕ ಜೋಡಿಸಿತು. ಊರಿಗೆಲ್ಲ ಹೊರಗಿನ ಒಂದೇ ಕಿಂಡಿ ಸಾಕಾಯಿತು.

2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಿಂದ ಬಂದ ಒಂದು ಫೋಟೋ ಎಲ್ಲರ ಫೋನಲ್ಲಿ ಓಡಾಡಿತ್ತು: ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಕ್ಲಾಸ್ ಕೇಳುವ ಹುಡುಗಿ, ಮಳೆಗೆ ಕೊಡೆ ಹಿಡಿದು ನಿಂತ ತಂದೆ. ಆಗ ನಾವೂ ಹೆಚ್ಚಿನವರು ಶಾಲೆಯಲ್ಲೋ ಪಿಯುಸಿಯಲ್ಲೋ ಇದ್ದವರು. ಅಂಥ ಕಡೆ ಸಿಗ್ನಲ್ ಇರುವ ಜಾಗಕ್ಕೂ ಮನೆಗೂ ನಡುವಿನ ದೂರ ಹಲವು ಸಲ ಒಂದೆರಡು ಹಾಪ್‌ನಷ್ಟೇ ಇರ್ತದೆ. ಕಷ್ಟ ಇರುವುದು ನಡುವಿನ ನೋಡ್ ಯಾರ ಜಾಗದಲ್ಲಿ ಅನ್ನುವುದರಲ್ಲಿ. ಆ ಮನೆಯವರಿಗೆ ತಮ್ಮದೇ ಫೈಬರ್ ಇರಬಹುದು, ಈ ಡಬ್ಬಿಯಿಂದ ಅವರಿಗೆ ಏನೂ ಲಾಭ ಇಲ್ಲ. ಆದರೂ ಕರೆಂಟ್ ಅವರದ್ದು, ರಾತ್ರಿ ಹನ್ನೊಂದಕ್ಕೆ 'ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ' ಅಂತ ಬರುವ ಫೋನ್ ಕೂಡ ಅವರಿಗೆ. ತಿಂಗಳ ಕರೆಂಟಿನ ಒಂದು ಪಾಲು ಅವರಿಗೆ ಕೊಡುವ ಮಾತು ಮೊದಲೇ ಆಗಿರಬೇಕು. ಆ ಮಾತು ಆಡದೆ ಹಾಕಿದ ನೋಡ್ ಮೊದಲ ಸಿಡಿಲಿಗೆ ಆಫ್ ಆದರೆ ಮತ್ತೆ ಆನ್ ಆಗುವುದು ಕಷ್ಟ.

ದೀಪಾವಳಿ ರಜೆಗೆ ಊರಿಗೆ ಹೋಗುವವರು ಒಂದು ಕೆಲಸ ಮಾಡಬಹುದು. ಫೋನಿಗೆ ಯಾವುದಾದರೂ ಉಚಿತ ವೈಫೈ ಅನಲೈಸರ್ ಹಾಕಿಕೊಂಡು ರೌಟರ್‌ನಿಂದ ತೋಟದ ತುದಿ ತನಕ ಹತ್ತು ಹತ್ತು ಮೀಟರ್‌ಗೆ ನಿಂತು ಡಿಬಿಎಂ ಬರೆದುಕೊಳ್ಳಿ. ಒಮ್ಮೆ ಸಾಲಿನ ಉದ್ದಕ್ಕೆ, ಒಮ್ಮೆ ಕರ್ಣದಲ್ಲಿ, ಎರಡೂ ಬ್ಯಾಂಡ್‌ನಲ್ಲಿ. ಮುಂದಿನ ಜುಲೈಯಲ್ಲಿ, ಎಲೆ ಗೋಡೆ ಎಲ್ಲ ಒದ್ದೆಯಾಗಿರುವಾಗ, ಅದೇ ಜಾಗಗಳಲ್ಲಿ ಇನ್ನೊಮ್ಮೆ. ಡಬ್ಬಿ ಕೊಳ್ಳುವ ಮಾತು ಆ ಎರಡನೇ ಪಟ್ಟಿ ನೋಡಿದ ಮೇಲೆ.